ಡಿಗ್ರಿಗೆ ಹೋಗುವ ಮಕ್ಕಳಿಗೆ ಟ್ಯಾಬ್ ಸಾಕಾ?

ಪಿಯುಸಿ ರಿಸಲ್ಟ್ ಬಂತು ಅಂದರೆ ತೀರ್ಥಹಳ್ಳಿಯ ನಮ್ಮ ಡಿಟಿಪಿ ಅಂಗಡಿಗೆ ಬರುವ ಅಪ್ಪ-ಅಮ್ಮಂದಿರದ್ದು ಒಂದೇ ಪ್ರಶ್ನೆ. "ಅಣ್ಣ, ಮಗಳಿಗೆ ಟ್ಯಾಬ್ ಕೊಡಿಸಿದ್ರೆ ಸಾಕಲ್ವಾ? ಈಗ ಅದ್ರಲ್ಲೇ ಎಲ್ಲಾ ಆಗ್ತದಂತೆ." ಗಿರಾಕಿಗಳ ನಡುವೆ ನಿಂತು ಇದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯ ಅಂತಾದರೆ ಕಂಪ್ಯೂಟರ್ ಕೊಡಿಸಿ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆದರೂ ಸರಿ.

ಟ್ಯಾಬ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲದ ಊರು ನಮ್ಮದು. ಅಂಥ ದಿನ ಪಾಠದ ವಿಡಿಯೊ ನೋಡಲು, ಪಿಡಿಎಫ್ ಓದಲು, ಪೆನ್ನಲ್ಲಿ ನೋಟ್ಸ್ ಬರೆಯಲು ಟ್ಯಾಬ್‌ನಷ್ಟು ಹಗುರವಾದದ್ದು ಬೇರೆ ಇಲ್ಲ. ಅಡಿಕೆ ರೇಟ್ ನೋಡಿ, ಬೆಂಗಳೂರಿನ ಮೊಮ್ಮಕ್ಕಳ ಜೊತೆ ಮಾತಾಡುವ ಅಜ್ಜನಿಗೆ ಕಂಪ್ಯೂಟರ್ ಬೇಡವೇ ಬೇಡ.

ಮೊದಲಿಗಿಂತ ಟ್ಯಾಬ್ ಎಷ್ಟೋ ಮುಂದೆ ಬಂದಿದೆ ಅನ್ನುವುದೂ ನಿಜ. 2010ರಲ್ಲಿ ಆಪಲ್‌ನ ಟ್ಯಾಬ್ ಐಪ್ಯಾಡ್ ಬಂದಾಗ ಸ್ಕ್ರೀನ್ ಮೇಲೆ ಒಂದು ಹೊತ್ತಿಗೆ ಒಂದೇ ಆಪ್. ಅಕ್ಕಪಕ್ಕ ಎರಡು ಆಪ್ ಇಟ್ಟುಕೊಳ್ಳಲು 2015ರವರೆಗೆ ಕಾಯಬೇಕಾಯಿತು. ಮರುವರ್ಷ ಆಂಡ್ರಾಯ್ಡ್ 7ರಲ್ಲೂ ಅದು ಬಂತು. 2021ರ ಐಪ್ಯಾಡ್ ಪ್ರೊ ಒಳಗೆ ಆಪಲ್ ಲ್ಯಾಪ್‌ಟಾಪ್ ಮ್ಯಾಕ್‌ಬುಕ್‌ನ ಎಂ1 ಚಿಪ್ಪೇ ಇತ್ತು. 2025ರ ಐಪ್ಯಾಡ್ ಸಾಫ್ಟ್‌ವೇರ್ ಐಪ್ಯಾಡ್‌ಓಎಸ್ 26ರಲ್ಲಂತೂ ಕಂಪ್ಯೂಟರಿನ ಹಾಗೆ ವಿಂಡೋಗಳನ್ನು ಬೇಕಾದ ಅಳತೆಗೆ ಎಳೆದು ಜೋಡಿಸಬಹುದು. ಆದರೆ ಐಪ್ಯಾಡ್ ಪ್ರೊಗೆ ಕೀಬೋರ್ಡ್ ಸೇರಿಸಿದರೆ ಲಕ್ಷ ದಾಟುತ್ತದೆ. ನಮ್ಮ ಕಡೆ ಮಕ್ಕಳ ಕೈಗೆ ಬರುವುದು 4 ಜಿಬಿ ರ್‍ಯಾಮ್‌ನ (ತೆರೆದ ಆಪ್‌ಗಳನ್ನು ಹಿಡಿದಿಡುವ ಮೆಮೊರಿ) ಅಗ್ಗದ ಟ್ಯಾಬ್.

ಅದರಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬುವ ಮಕ್ಕಳ ಪಾಡು ನೋಡಿದ್ದೇನೆ. ಹೆಸರು, ವಿಳಾಸ, ಬ್ಯಾಂಕ್ ಖಾತೆ ಎಲ್ಲ ಟೈಪ್ ಮಾಡಿ ಆಗಿರುತ್ತದೆ. ಫೋಟೊ ಸೈಜ್ ಜಾಸ್ತಿ ಆಯಿತು ಅನ್ನುತ್ತದೆ. ಗ್ಯಾಲರಿಗೆ ಹೋಗಬೇಕು, ಇನ್ನೊಂದು ಆಪ್‌ನಲ್ಲಿ ಫೋಟೊ ಚಿಕ್ಕದು ಮಾಡಬೇಕು, ಮೆಸೇಜ್‌ಗೆ ಹೋಗಿ ಒಟಿಪಿ ನೋಡಬೇಕು. ಬ್ರೌಸರಿಗೆ ವಾಪಸ್ ಬಂದರೆ ಪೇಜ್ ಮತ್ತೆ ಲೋಡ್ ಆಗುತ್ತದೆ. ತುಂಬಿದ್ದೆಲ್ಲ ಖಾಲಿ! ಇದರಲ್ಲಿ ಆ ಮಗುವಿನ ತಪ್ಪೇನೂ ಇಲ್ಲ. ಬ್ಯಾಟರಿ ಉಳಿಸಲು ಟ್ಯಾಬ್, ಕಣ್ಣಿಗೆ ಕಾಣದ ಆಪನ್ನು ತಡೆದು ನಿಲ್ಲಿಸುತ್ತದೆ. ರ್‍ಯಾಮ್ ಸಾಲದಿದ್ದರೆ ಅದನ್ನು ಮುಚ್ಚಿಯೇ ಬಿಡುತ್ತದೆ. ಕಂಪ್ಯೂಟರಿನಲ್ಲಿ ನಾವು ತೆರೆದಿಟ್ಟದ್ದು ಸಾಮಾನ್ಯವಾಗಿ ನಾವು ಮುಚ್ಚುವ ತನಕ ಹಾಗೇ ಇರುತ್ತದೆ. ನನಗೆ ಮಲ್ಟಿಟಾಸ್ಕಿಂಗ್ (ಒಟ್ಟಿಗೆ ಹಲವು ಕೆಲಸ ಮಾಡುವುದು) ಅಂದರೆ ಇದು. ಸ್ಕ್ರೀನ್ ಮೇಲೆ ಎಷ್ಟು ವಿಂಡೋ ಹಿಡಿಸುತ್ತದೆ ಅನ್ನುವುದು ಆಮೇಲಿನ ಮಾತು.

ಇನ್ನು ಓದಿನ ವಿಷಯ. ಬಿಕಾಂ ಮಾಡುವವರಿಗೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬೇಕು, ಅದು ವಿಂಡೋಸ್ ಕಂಪ್ಯೂಟರಿನದು. ಎಕ್ಸೆಲ್ ಟ್ಯಾಬ್‌ನಲ್ಲೂ ಇದೆ, ಆದರೆ ಮ್ಯಾಕ್ರೊ (ಮಾಡಿದ್ದೇ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಓಡುವುದಿಲ್ಲ. ಬಿಸಿಎ ಮಕ್ಕಳು ಆಪ್ ಮಾಡಲು ಕಲಿಯುವ ಆಂಡ್ರಾಯ್ಡ್ ಸ್ಟುಡಿಯೊ ಆಂಡ್ರಾಯ್ಡ್ ಟ್ಯಾಬ್‌ನಲ್ಲೇ ಓಡಲ್ಲ! ನಮ್ಮ ಕನ್ನಡದ ಕಥೆಯೂ ಹಾಗೇ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಇವತ್ತಿಗೂ ದಿನಾ ನಮ್ಮ ಕೈಗೆ ಬರುತ್ತದೆ. ಅದನ್ನು ಟ್ಯಾಬ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೆಲ್ಲ ಕಲಸಿಕೊಂಡು ಬರುತ್ತವೆ. ಅದನ್ನು ಯೂನಿಕೋಡ್‌ಗೆ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಗೆ) ತಂದು, ಒತ್ತಕ್ಷರ ತಿದ್ದಿ, ಪುಟ ಕಟ್ಟಲು ನಾನು ಕಂಪ್ಯೂಟರ್ ಮುಂದೆಯೇ ಕೂರುತ್ತೇನೆ.

ನನಗೆ ಬೇಜಾರಾಗುವುದು ಇಲ್ಲಿ. ಕೊರೊನಾ ಕಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳಿವರು. ಬುದ್ಧಿಗೆ ಏನೂ ಕಡಿಮೆ ಇಲ್ಲ. ಆದರೆ ಡೌನ್‌ಲೋಡ್ ಮಾಡಿದ ಫೈಲ್ ಎಲ್ಲಿದೆ ಅಂತ ಕೇಳಿದರೆ ಎಷ್ಟೋ ಜನ ತಬ್ಬಿಬ್ಬಾಗುತ್ತಾರೆ. ಫೋಲ್ಡರ್ ಮಾಡಿ ಕೆಲಸ ಜೋಡಿಸಿಡುವ ಅಭ್ಯಾಸ ಕಾಲೇಜಿನ ಲ್ಯಾಬ್‌ನಲ್ಲಿ ಸಿಗುವ ಅಷ್ಟು ಹೊತ್ತಿನಲ್ಲಿ ಬರುವುದಿಲ್ಲ. ಮನೆಯಲ್ಲಿ ಒಂದು ಕಂಪ್ಯೂಟರ್ ಇರಬೇಕು.

ಹಾಗಾಗಿ ಶಿವಮೊಗ್ಗಕ್ಕೆ ಹಳೇ ಲ್ಯಾಪ್‌ಟಾಪ್ ನೋಡಲು ಹೋದರೆ 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ (ಫೈಲ್ ಬೇಗ ತೆರೆಯುವ ಹೊಸ ಬಗೆಯ ಡಿಸ್ಕ್) ಎರಡೂ ಇದೆಯಾ ಕೇಳಿ. ಮುಂದೆ ರ್‍ಯಾಮ್ ಹೆಚ್ಚಿಸಬಹುದಾ ಅಂತಲೂ ಕೇಳಿ, ಟ್ಯಾಬ್‌ನಲ್ಲಿ ಅದಕ್ಕೆ ದಾರಿಯೇ ಇಲ್ಲ. ದುಡ್ಡು ಕೊಡುವ ಮೊದಲು ಚಾರ್ಜರ್ ತೆಗೆಸಿ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಲ್ಲೇ ಕೂತು ನೋಡಿ.