ಅಲನ್ ಕ್ಲಾರ್ಕ್‌ನ ಪಾತ್ರಗಳು ನಡೆಯುತ್ತವೆ, ನಮ್ಮವು ನಿಂತೇ ಇರುತ್ತವೆ

ನಮ್ಮ ಧಾರಾವಾಹಿಗಳಲ್ಲಿ ಯಾರೂ ನಡೆಯುವುದಿಲ್ಲ ಎಂಬುದು ನನ್ನ ಹಳೇ ತಕರಾರು. ಮನೆಮಂದಿಯೆಲ್ಲ ಹಾಲ್‌ನಲ್ಲಿ ಸಾಲಾಗಿ ನಿಂತಿರುತ್ತಾರೆ; ಅತ್ತೆ ಒಂದು ಮಾತಾಡಿದರೆ ಉಳಿದವರ ಮುಖಕ್ಕೆಲ್ಲ ಸರದಿಯ ಮೇಲೆ ಗುಡುಗು ಬಡಿಯುತ್ತದೆ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಕೂತು ಮೊಬೈಲಿನಲ್ಲಿ ಇವನ್ನು ನೋಡುವಾಗೆಲ್ಲ ಇದೇ ದೇಶದ ಟಿವಿ ನಿರ್ದೇಶಕ ಅಲನ್ ಕ್ಲಾರ್ಕ್ ನೆನಪಾಗುತ್ತಾನೆ. ಅವನ ಪಾತ್ರಗಳು ನಡೆಯುತ್ತಲೇ ಇರುತ್ತವೆ.

ಕ್ಲಾರ್ಕ್ ಹುಟ್ಟಿದ್ದು 1935ರಲ್ಲಿ, ಲಿವರ್‌ಪೂಲಿನ ಎದುರು ದಡದ ವಾಲಸಿಯಲ್ಲಿ. ಟೊರಾಂಟೊದಲ್ಲಿ ಓದಿ ಬಂದು ಅರವತ್ತರ ದಶಕದಲ್ಲಿ ಟಿವಿ ಸೇರಿದ. ಸಿನಿಮಾ ಮಂದಿರಕ್ಕೆಂದು ಮಾಡಿದ್ದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಟಿವಿಗೇ, ಹೆಚ್ಚಿನವು ಒಂದೇ ರಾತ್ರಿಗೆ ಮುಗಿಯುವ ಬಿಡಿ ನಾಟಕಗಳು.

ನನ್ನನ್ನು ತುಂಬ ಕಾಡಿದ್ದು 1983ರಲ್ಲಿ ಐಟಿವಿ ವಾಹಿನಿಯಲ್ಲಿ ಬಂದ ‘ಮೇಡ್ ಇನ್ ಬ್ರಿಟನ್’. ಹದಿನಾರರ ಟ್ರೆವರ್, ಬೋಳುತಲೆ, ಹಣೆಯ ಮೇಲೆ ನಾಜಿಗಳ ಸ್ವಸ್ತಿಕದ ಹಚ್ಚೆ. ನಟ ಟಿಮ್ ರಾತ್‌ಗೆ ತೆರೆಯ ಮೇಲೆ ಅದೇ ಮೊದಲ ಪಾತ್ರ. ಏಷ್ಯನ್ ಒಬ್ಬನ ಕಿಟಕಿ ಒಡೆದು ಕೋರ್ಟಿಗೆ ಬಂದ ಹುಡುಗ ಇವನು. ನನ್ನಂಥವನ ಮನೆ ಕಿಟಕಿ ಅದು, ಅವನನ್ನು ದ್ವೇಷಿಸಲು ನನಗೆ ಕಾರಣ ಹುಡುಕಬೇಕಿಲ್ಲ. ಆದರೆ ಒಬ್ಬ ಅಧಿಕಾರಿ ಬರುತ್ತಾನೆ, ಸೀಮೆಸುಣ್ಣ ಹಿಡಿದು ಇವನ ಮುಂದಿನ ಬದುಕನ್ನು ಕಪ್ಪು ಹಲಗೆಯ ಮೇಲೆ ಬಿಡಿಸುತ್ತಾನೆ: ಕೆಲಸವಿಲ್ಲ, ಕಳ್ಳತನ, ಜೈಲು, ಮತ್ತೆ ಅದೇ ಸುತ್ತು. ಕೇಳುತ್ತ ಕೂತ ಹುಡುಗನಿಗಿಂತ ಆ ಹಲಗೆಯೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಕೊನೆಗೆ ಪೊಲೀಸನ ಲಾಠಿ ಕಾಲಿಗೆ ಬಿದ್ದ ಮೇಲೂ ಟ್ರೆವರ್ ಹಲ್ಲು ಕಿರಿಯುತ್ತಾನೆ. ಪಶ್ಚಾತ್ತಾಪದ ಸುಳಿವೇ ಇಲ್ಲ. ನಮ್ಮಲ್ಲಾಗಿದ್ದರೆ ನಾನೂರನೇ ಕಂತಿಗೆ ಅಮ್ಮನ ಕಾಲಿಗೆ ಬಿದ್ದು ಅತ್ತಿರುತ್ತಿದ್ದ, ಆಮೇಲೆ ಅವನದೇ ಮದುವೆಯ ಸಂಭ್ರಮ ಎರಡು ವಾರ.

ಆಗಿನ್ನೂ ಹೊಸದಾಗಿದ್ದ ಸ್ಟೆಡಿಕ್ಯಾಮ್, ಅಂದರೆ ನಡೆಯುತ್ತಲೇ ಅಲುಗಾಡದಂತೆ ಚಿತ್ರಿಸಲು ಮೈಗೆ ಕಟ್ಟಿಕೊಳ್ಳುವ ಕ್ಯಾಮೆರಾ ಸಾಧನ, ಇಲ್ಲಿಂದ ಕ್ಲಾರ್ಕ್‌ನ ಕೈಹಿಡಿಯಿತು. ‘ರೋಡ್’ನಲ್ಲಿ (1987) ಈಸಿಂಗ್ಟನ್ ಎಂಬ ಗಣಿ ಊರಿನ ಬೀದಿಯಲ್ಲಿ ನಟಿ ಲೆಸ್ಲಿ ಶಾರ್ಪ್ ಕೆಲಸವಿಲ್ಲದ ಗಂಡನ ಬಗ್ಗೆ ಗೊಣಗುತ್ತ, ಸಿಡುಕುತ್ತ ನಡೆದೇ ನಡೆಯುತ್ತಾಳೆ, ಕ್ಯಾಮೆರಾ ಬಿಡದೆ ಜೊತೆಗೆ ಸಾಗುತ್ತದೆ. 1989ರ ‘ಎಲಿಫೆಂಟ್’ ಇನ್ನೂ ಕಠಿಣ. ಉತ್ತರ ಐರ್ಲೆಂಡಿನ ಕ್ಯಾಥೊಲಿಕ್-ಪ್ರೊಟೆಸ್ಟೆಂಟ್ ಸಂಘರ್ಷದ ಹದಿನೆಂಟು ಕೊಲೆಗಳು, ನಲವತ್ತು ನಿಮಿಷಕ್ಕೂ ಕಡಿಮೆ. ಯಾರು, ಯಾಕೆ, ಯಾವ ಕಡೆಯವರು, ಯಾವುದನ್ನೂ ಹೇಳುವುದಿಲ್ಲ. ಒಬ್ಬ ನಡೆದು ಬರುತ್ತಾನೆ, ಗುಂಡು ಹಾರಿಸುತ್ತಾನೆ, ಹೋಗುತ್ತಾನೆ. ಕ್ಯಾಮೆರಾ ಶವದ ಮೇಲೆ ನಮಗೆ ಮುಜುಗರವಾಗುವಷ್ಟು ಹೊತ್ತು ನಿಲ್ಲುತ್ತದೆ. ಹಿನ್ನೆಲೆ ಸಂಗೀತವಿಲ್ಲ. ಅಲ್ಲಿ ಸಂಗೀತ ಇದ್ದಿದ್ದರೆ ನಾವು ಬಚಾವಾಗುತ್ತಿದ್ದೆವು.

ಹಾಗಂತ ಇಲ್ಲಿಯವರಿಗೆ ಪೂರ್ತಿ ಸರ್ಟಿಫಿಕೇಟು ಕೊಡಲಾರೆ. ಬಾಲಾಪರಾಧಿಗಳ ಸುಧಾರಣಾಗೃಹದ ಕ್ರೌರ್ಯ ತೋರಿಸಿದ ‘ಸ್ಕಮ್’ ಅನ್ನು 1977ರಲ್ಲಿ ಮಾಡಿಸಿದ್ದೂ ಬಿಬಿಸಿ, ಪ್ರಸಾರ ಮಾಡದೆ ಕಪಾಟಿಗೆ ಸೇರಿಸಿದ್ದೂ ಬಿಬಿಸಿ. ಕ್ಲಾರ್ಕ್ 1979ರಲ್ಲಿ ಅದನ್ನೇ ಸಿನಿಮಾ ಮಾಡಿದ. ಬಿಬಿಸಿ ತನ್ನ ಪ್ರತಿಯನ್ನು ತೋರಿಸಿದ್ದು 1991ರಲ್ಲಿ, ಅಷ್ಟರಲ್ಲಿ ಅವನು ತೀರಿಕೊಂಡು ಒಂದು ವರ್ಷವಾಗಿತ್ತು. ಬಿಬಿಸಿಯ ಬಿಡಿ ನಾಟಕಗಳ ದೊಡ್ಡ ಮಾಲಿಕೆ ‘ಪ್ಲೇ ಫಾರ್ ಟುಡೇ’ 1984ರಲ್ಲೇ ನಿಂತಿತು. ಈಗ ಇಲ್ಲೂ ಮೊದಲ ಕಂತಿನಲ್ಲೊಂದು ಹೆಣ, ಆರನೇ ಕಂತಿನಲ್ಲಿ ಕೊಲೆಗಾರ.

ನಮ್ಮಲ್ಲಿ ಪ್ರತಿಭೆಗೆ ಬರವಿಲ್ಲ. ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದ ಶಂಕರ್ ನಾಗ್, ‘ಮಾಯಾಮೃಗ’ದ ಟಿ.ಎನ್. ಸೀತಾರಾಮ್ ಹೆಸರು ಹಿಡಿದೇ ಜನ ಟಿವಿ ಹಾಕುತ್ತಿದ್ದರು. ಇವತ್ತಿನ ಧಾರಾವಾಹಿಯ ನಿರ್ದೇಶಕ ಯಾರು ಅಂತ ಕೇಳಿ ನೋಡಿ, ದಿನಾ ನೋಡುವವರೂ ತಡವರಿಸುತ್ತಾರೆ. ದಿನಕ್ಕೊಂದು ಕಂತು ತುಂಬಿಸಬೇಕಾದವನಿಗೆ ಬೀದಿಗಿಳಿದು ಶೂಟ್ ಮಾಡುವ ಪುರುಸೊತ್ತು ಎಲ್ಲಿಂದ ಬರಬೇಕು? ತಪ್ಪು ಅವನದಲ್ಲ, ಅವನಿಗೆ ಕೊಟ್ಟ ಅಳತೆಯದು.

ನಮ್ಮ ವಾಹಿನಿಗಳು ತಿಂಗಳಿಗೊಂದು, ಬರೀ ಒಂದೂವರೆ ಗಂಟೆಯ ನಾಟಕವನ್ನು ಹೊಸಬರ ಕೈಗೆ ಕೊಡಲಿ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಹೊರಟ ಗಾರ್ಮೆಂಟ್ಸ್ ಹುಡುಗಿಯ ಜೊತೆ ಹತ್ತು ನಿಮಿಷ ಸುಮ್ಮನೆ ನಡೆದರೂ ಸಾಕು. ಟಿಆರ್‌ಪಿ ಬರಲಿಕ್ಕಿಲ್ಲ. ಬಿಬಿಸಿಗೆ ಲೈಸೆನ್ಸ್ ಶುಲ್ಕ ಅಂತ ವರ್ಷಕ್ಕೆ 170 ಪೌಂಡಿಗೂ ಹೆಚ್ಚು ಕಟ್ಟುವ ನಾನು, ಇದಕ್ಕೆ ಚೌಕಾಸಿ ಮಾಡದೆ ಚಂದಾ ಕಟ್ಟುತ್ತೇನೆ.