ಲಕ್ಷ್ಮೀ 20 ಬೈಟಿನಲ್ಲಿ ಹಿಡಿಯುವುದಿಲ್ಲ

"ಕನ್ನಡದಲ್ಲಿ ಹಾಕಿದ್ರೆ ಎರರ್ ಬರುತ್ತೆ ಸಾರ್, ಇಂಗ್ಲಿಷಲ್ಲೇ ತುಂಬಿ." ಆನ್‌ಲೈನ್ ಫಾರಂ ತುಂಬುವಾಗ ಈ ಮಾತು ಕೇಳಿ ಅಭ್ಯಾಸವಾಗಿಬಿಟ್ಟಿದೆ. ಬೈಗುಳವೆಲ್ಲ ಸಿಸ್ಟಂಗೆ, ಇಲ್ಲವೇ ಕನ್ನಡಕ್ಕೆ. ಕೋಡ್ ಬರೆದವರನ್ನು ಮಾತ್ರ ಯಾರೂ ಕೇಳುವುದಿಲ್ಲ.

'ಲಕ್ಷ್ಮೀ' ಕಣ್ಣಿಗೆ ಎರಡೇ ಅಕ್ಷರ. ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅಂಥ ಏಳು ಸಂಖ್ಯೆ, ಅಂದರೆ ಏಳು ಕೋಡ್‌ಪಾಯಿಂಟ್: ಲ, ಕ, ಹಲಂತ, ಷ, ಮತ್ತೊಂದು ಹಲಂತ, ಮ, ಈಕಾರದ ಚಿಹ್ನೆ. ಅವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಒಟ್ಟು 21. ಉದ್ದ ಎಷ್ಟು ಅಂದರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಜಾವಾ, ಪೈಥಾನ್ 7 ಅನ್ನುತ್ತವೆ, ಗೋ 21 ಅನ್ನುತ್ತದೆ. ಒರಾಕಲ್ ಡೇಟಾಬೇಸಿನಲ್ಲಿ ಹೆಸರಿಗೆ ವಾರ್‌ಚಾರ್2(20) ಎಂದು ಕಾಲಂ ಮಾಡಿದರೆ ಡೀಫಾಲ್ಟ್ ಆಗಿ ಅದು 20 ಬೈಟ್. ಇಷ್ಟು ಚಿಕ್ಕ ಹೆಸರೂ ಹಿಡಿಯದೆ ಜಾಗ ಸಾಲದು ಎನ್ನುವ ಓರಾ-12899 ಎರರ್ ಬಂದು ಕೂರುತ್ತದೆ. 20ರ ಪಕ್ಕ 'ಚಾರ್' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ನಮ್ಮವರು ಮಾಡುವುದೇ ಬೇರೆ: ಉಳಿಸುವ ಮುಂಚೆ ಹೆಸರನ್ನು 20 ಬೈಟಿಗೆ ಕತ್ತರಿಸುತ್ತಾರೆ. ಈಕಾರದ ಮೂರು ಬೈಟಿನಲ್ಲಿ ಎರಡೇ ಉಳಿದು, ಆ ಜಾಗದಲ್ಲಿ ಪ್ರಶ್ನೆ ಚಿಹ್ನೆಯ ಕಪ್ಪು ವಜ್ರ ಕಾಣುತ್ತದೆ. ಎರರ್ ಹೋಯಿತಲ್ಲ, ಟಿಕೆಟ್ ಕ್ಲೋಸ್.

ಮುಂದಿನದು ರೆಜೆಕ್ಸ್, ಅಂದರೆ ಪಠ್ಯ ಇಂಥದ್ದೇ ಇರಬೇಕೆಂದು ಪರೀಕ್ಷಿಸುವ ಮಾದರಿ. ಹೆಸರಿನಲ್ಲಿ ಅಕ್ಷರಗಳಷ್ಟೇ ಇರಲಿ ಎಂದು ಯೂನಿಕೋಡಿನ ಎಲ್ (ಲೆಟರ್) ವರ್ಗವನ್ನು ಮಾತ್ರ ಒಪ್ಪಿಕೊಂಡರೆ 'ಗೀತಾ' ಕೂಡ ಇನ್‌ವ್ಯಾಲಿಡ್. ಗುಣಿತದ ಚಿಹ್ನೆಗಳು, ಹಲಂತ ಎಲ್ಲ ಎಮ್ (ಮಾರ್ಕ್) ವರ್ಗದವು, ಎರಡನ್ನೂ ಸೇರಿಸಬೇಕು. ಕಣ್ಣಿಗೆ ಕಾಣದ ಕ್ಯಾರೆಕ್ಟರ್‌ಗಳನ್ನೆಲ್ಲ ಗುಡಿಸಿಹಾಕುವ ಉತ್ಸಾಹಿಗಳೂ ಇದ್ದಾರೆ. ಆಗ ಅಕ್ಷರಗಳು ಕೂಡುವ ರೂಪ ನಿರ್ಧರಿಸುವ ಝಡ್‌ಡಬ್ಲ್ಯೂಜೆ ಹೋಗಿ 'ರ‍್ಯಾಂಕ್' ಇದ್ದದ್ದು 'ರ್ಯಾಂಕ್' ಆಗುತ್ತದೆ.

ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು. ಸುಲಭಕ್ಕೆ ಸಿಗದ್ದು ಹುಡುಕಾಟದ್ದು. 'ಕೊ'ದಲ್ಲಿರುವ ಒಕಾರ ಒಂದೇ ಕೋಡ್‌ಪಾಯಿಂಟಾಗಿಯೂ ಬರಬಹುದು, ಎಕಾರ ಊಕಾರ ಎರಡರ ಚಿಹ್ನೆ ಸೇರಿಯೂ ಬರಬಹುದು. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲ, ಹೋಲಿಸಿದರೆ ಬೇರೆ ಬೇರೆ. ಕೊಟ್ರೇಶಪ್ಪನವರು ದಾಖಲೆಯಲ್ಲಿದ್ದರೂ "ನೋ ರೆಕಾರ್ಡ್ಸ್". ಒಳಗೆ ಬರುವ ಪಠ್ಯವನ್ನು, ಇಂಥ ಜೋಡಿ ಚಿಹ್ನೆಗಳು ಒಂದೇ ಆಗುವ ರೂಪವಾದ ಎನ್‌ಎಫ್‌ಸಿಗೆ ತಂದು ಉಳಿಸಬೇಕು, ಹುಡುಕುವ ಪದವನ್ನೂ ಹಾಗೇ ಮಾಡಬೇಕು, ಹಳೆಯ ಡೇಟಾವನ್ನು ಒಮ್ಮೆ ಪೂರ್ತಿ ಹಾಯಿಸಬೇಕು. ಇದಕ್ಕೆ ಬೇಕಾದ ನಾರ್ಮಲೈಜರ್ 2006ರ ಜಾವಾ 6ರಿಂದಲೇ ಇದೆ. ಒಂದು ಸಾಲಿನ ಕೆಲಸ. ಅದರ ಬದಲು ಹೊಸ ಸರ್ಚ್ ಎಂಜಿನ್ ಖರೀದಿಗೆ ಪ್ರಸ್ತಾವ ಹೋಗುತ್ತದೆ, ಸ್ಲೈಡ್ ಸಮೇತ!

ಎಸ್ಸೆಮ್ಮೆಸ್‌ಗೆ ಇರುವುದು 140 ಬೈಟ್. ಇಂಗ್ಲಿಷಿಗೆ 160 ಕ್ಯಾರೆಕ್ಟರ್, ಯೂನಿಕೋಡಿಗೆ 70; ಉದ್ದವಾದರೆ ತುಂಡಿಗೆ 67. ಇಂಗ್ಲಿಷ್ ಸಂದೇಶದ ನಡುವೆ ಕನ್ನಡದ ಒಂದು ಹೆಸರು ಸೇರಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ. 150 ಕ್ಯಾರೆಕ್ಟರಿನ ಸಂದೇಶ ಮೂರು ತುಂಡು, ಬಿಲ್ಲೂ ಮೂರರದ್ದು. ತಿಂಗಳ ಕೊನೆಗೆ "ಕನ್ನಡ ದುಬಾರಿ" ಎಂಬ ವರದಿ ಬೇರೆ.

ಇಂಟರ್‌ವ್ಯೂಗಳಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ತಿರುಗಿಸು ಅನ್ನುವ ಪ್ರಶ್ನೆ ಇನ್ನೂ ಸತ್ತಿಲ್ಲ. ಎಲ್ಲರಿಗೂ ಬಾಯಿಪಾಠ. ಅದಕ್ಕೇ 'ಗೀತಾ' ಕೊಟ್ಟು ನೋಡಿ. ಹಿಡಿದುಕೊಳ್ಳಲು ಅಕ್ಷರವಿಲ್ಲದೆ ಆಕಾರದ ಚಿಹ್ನೆ ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದಿರುತ್ತದೆ, ಆಮೇಲೆ ತೀ, ಗ. ಎಐ ಕೊಟ್ಟ ಕೋಡನ್ನು ಓದದೆ ಅಂಟಿಸಿದರೂ ಬಹುಮಟ್ಟಿಗೆ ಇದೇ ಫಲ. "ಇಲ್ಲಿ ಒಂದು ಅಕ್ಷರ ಅಂದ್ರೆ ಯಾವುದು ಸಾರ್?" ಎಂದು ತಿರುಗಿ ಕೇಳುವವರು ಸಿಕ್ಕರೆ ಅಲ್ಲೇ ಆಫರ್ ಕೊಡಿ.

ಟೆಸ್ಟಿಂಗ್‌ನವರಿಗೆ ಒಂದು ಮಾತು. 'ರಮ' ಹಾಕಿ ಪಾಸ್ ಅನ್ನಬೇಡಿ. 'ಜ್ಯೋತ್ಸ್ನಾ' ಹಾಕಿ: 10 ಕೋಡ್‌ಪಾಯಿಂಟ್, 30 ಬೈಟ್. ಉಳಿಸಿ, ಹುಡುಕಿ, ಪಿಡಿಎಫ್ ಕೂಡ ತೆಗೆಯಿರಿ. ಒತ್ತು, ಗುಣಿತಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಹಾರ್ಫ್‌ಬಜ್‌ನಂಥ ಶೇಪಿಂಗ್ ಎಂಜಿನ್ ಇಲ್ಲದ ಲೈಬ್ರರಿಯಾಗಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ಸಾಲಾಗಿ ನಿಂತಿರುತ್ತವೆ.