ಕುಮಾರಪರ್ವತ: ಹತ್ತೋದು ಕಾಲು, ಇಳಿಯೋದು ಉಗುರು

ಎತ್ತರದ ಲೆಕ್ಕ ಹಿಡಿದರೆ ಮುಳ್ಳಯ್ಯನಗಿರಿಯೇ ದೊಡ್ಡಣ್ಣ: 1930 ಮೀಟರ್. ಕುಮಾರಪರ್ವತ 1712. ಆದರೆ ದೊಡ್ಡಣ್ಣನ ಹೆಗಲವರೆಗೂ ಜೀಪು ಹೋಗುತ್ತದೆ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಹೊರಟವರಿಗೆ ಆ ಭಾಗ್ಯವಿಲ್ಲ. ಸಾವಿರದೈನೂರು ಮೀಟರಿಗೂ ಮಿಕ್ಕಿದ ಏರನ್ನು ಮಂಡಿಯೇ ಎತ್ತಬೇಕು.

ಮೊದಲ ಅವಘಡ ಬೆಟ್ಟದಲ್ಲಿ ಆಗುವುದಿಲ್ಲ, ಮನೆಯ ಅಟ್ಟದ ಮೇಲೆ ಆಗಿರುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಜೋಪಾನ ಮಾಡಿಟ್ಟ ಬೂಟಿನ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲು (ಅಡಿಯಟ್ಟೆ) ಗಾಳಿಯ ತೇವ ಕುಡಿದು ಒಳಗೊಳಗೇ ಲಡ್ಡಾಗಿರುತ್ತದೆ. ನೋಡಲು ಹೊಚ್ಚಹೊಸದು. ಕಾಡಿನ ಬೇರುಗಳ ಮೇಲೆ ಒಂದು ಗಂಟೆ ನಡೆದರೆ ಬಾಯಿ ಬಿಡುತ್ತದೆ. ಎಡಗಾಲಿನದು ಹೋದರೆ ಬಲಗಾಲಿನದೂ ಹಿಂದೆಯೇ ಹೊರಡುತ್ತದೆ, ಎರಡಕ್ಕೂ ವಯಸ್ಸು ಒಂದೇ ತಾನೆ. ಹೊರಡುವ ವಾರದ ಮೊದಲೇ ಸೋಲಿನ ಬದಿಯನ್ನು ಹೆಬ್ಬೆರಳಲ್ಲಿ ಒತ್ತಿ, ಬೂಟನ್ನು ಬಗ್ಗಿಸಿ ನೋಡಿ. ಬಿರುಕೋ ಪುಡಿಯೋ ಕಂಡರೆ ಅದನ್ನು ಅಟ್ಟಕ್ಕೂ ಹಿಂತಿರುಗಿಸಬೇಡಿ.

ಮಳೆಗಾಲ ಮುಗಿದ ಹೊಸತರಲ್ಲಿ ಕೆಳಗಿನ ದಟ್ಟ ಕಾಡು ಉಂಬಳಗಳದ್ದು, ಅಂದರೆ ರಕ್ತ ಹೀರುವ ಜಿಗಣೆಗಳದ್ದು. ಕಾಲಿಗೆ ಬಳಿದ ಉಪ್ಪು, ಹೊಗೆಸೊಪ್ಪಿನ ಪುಡಿ ಮೊದಲ ತೊರೆಗೇ ಅರ್ಪಣೆ. ಒತ್ತು ನೇಯ್ಗೆಯ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದುಕೊಳ್ಳುವುದೇ ವಾಸಿ. ಕಚ್ಚಿದರೆ ಜಗ್ಗಬೇಡಿ, ಸಣ್ಣ ತುದಿಯ ಬುಡಕ್ಕೆ ಉಗುರು ತೂರಿಸಿ ಪಕ್ಕಕ್ಕೆ ಜಾರಿಸಿ, ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲು ಸೇರಿಸಿರುವುದರಿಂದ ಸೋರಿಕೆ ಸುಮಾರು ಹೊತ್ತು ನಿಲ್ಲದು. ಬಟ್ಟೆ ಒತ್ತಿ ಕಟ್ಟಿ ನಡೆಯುತ್ತಿರಿ. ನಿಂತು ಕೂಲಂಕಷ ತಪಾಸಣೆಗೆ ಇಳಿದರೆ ಒಂದು ಕೀಳುವಷ್ಟರಲ್ಲಿ ನಾಲ್ಕು ಹತ್ತಿರುತ್ತವೆ.

ದಾರಿ ನಡುವಿನ ಗಿರಿಗದ್ದೆಯ ಭಟ್ಟರ ಮನೆ ದಾಟಿದರೆ ಉಂಬಳ ಕಡಿಮೆ, ನೆರಳೂ ಕಡಿಮೆ. ಬೋಳು ಹುಲ್ಲುಗಾವಲು, ನೆತ್ತಿಯ ಮೇಲೆ ಬಿಸಿಲು. ಕುಡಿಯಲು ತಲಾ ಮೂರು ಲೀಟರ್ ನೀರು ಬೇಕು. ಒಂದು ಲೀಟರಿನ ಧೀರರು ಕಲ್ಲು ಮಂಟಪದ ಹೊತ್ತಿಗೆ ಸ್ನೇಹಿತರ ಬಾಟಲಿಯನ್ನು ಬಹಳ ಪ್ರೀತಿಯಿಂದ ನೋಡತೊಡಗುತ್ತಾರೆ. ಅಲ್ಲಿಂದ ಏದುಸಿರು ಬಿಟ್ಟು ಏರಿದ ನೆತ್ತಿಯಲ್ಲಿ ಸೆಲ್ಫಿ, ಜಯಘೋಷ ಎಲ್ಲ ಆದ ಮೇಲೆ ಗೊತ್ತಾಗುತ್ತದೆ, ಇದು ಶೇಷಪರ್ವತ. ಕುಮಾರ ಇನ್ನೂ ಆಚೆ. ನಡುವೆ ಶೋಲಾ ಕಾಡಿಗೆ (ಹುಲ್ಲುಗುಡ್ಡಗಳ ಕಣಿವೆಯಲ್ಲಿ ಬೆಳೆವ ಕುಳ್ಳು ಮರಗಳ ದಟ್ಟ ಕಾಡು) ಇಳಿದು, ಪಾಚಿಗಟ್ಟಿದ ಬಂಡೆ ಹತ್ತಬೇಕು. ಬಂಡೆ ಒದ್ದೆಯಿದ್ದರೆ ಅಂಗಾಲು ಪೂರ್ತಿ ಊರಿ, ಸಣ್ಣ ಹೆಜ್ಜೆ.

ಇಳಿಯುವಾಗ ಪಾದ ಬೂಟಿನೊಳಗೆ ಮುಂದಕ್ಕೆ ಜಾರಿ, ಹೆಬ್ಬೆರಳು ಹೆಜ್ಜೆಹೆಜ್ಜೆಗೂ ಗೋಡೆಗೆ ಗುದ್ದುತ್ತದೆ. ಕಪ್ಪಾದ ಉಗುರು ಉದುರಿ ಹೊಸದು ಪೂರ್ತಿ ಬರಲು ವರ್ಷವೂ ಹಿಡಿದೀತು. ಎರಡು ದಿನ ಮೊದಲೇ ಉಗುರು ಕತ್ತರಿಸಿಕೊಳ್ಳಿ. ಬೆಟ್ಟದ ತುದಿಯಲ್ಲಿ ಬೂಟಿನ ಲೇಸು ಬಿಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಕಣಕಾಲಿನ ಹತ್ತಿರದ ಲೇಸನ್ನು ಬಿಗಿಯಾಗಿ ಕಟ್ಟಿಯೇ ಇಳಿಯಲು ಶುರುಮಾಡಿ.